ಒಂದೇ ಕ್ರೀಡಾಂಗಣದಲ್ಲಿ ಎಲ್ಲ ಆಟ: ಸಣ್ಣ ನಗರಕ್ಕೆ ಇದು ಆಗುವ ಮಾತಾ?

ಮೈದಾನದ ಅಂಚು:

ಸಣ್ಣ ನಗರದಲ್ಲಿ ಕ್ರೀಡಾಂಗಣ ಕಟ್ಟುತ್ತಾರೆ ಅಂದ ಕೂಡಲೇ ಎಲ್ಲ ಕಡೆ ಬೇಡಿಕೆ ಒಂದೇ ಥರ ಇರುತ್ತದೆ. ಓಡಲು ಟ್ರ್ಯಾಕ್ ಬೇಕು, ನಡುವೆ ಫುಟ್‌ಬಾಲ್ ಬೇಕು, ಕ್ರಿಕೆಟ್ ಅಂತೂ ಬೇಕೇ ಬೇಕು, ಪಕ್ಕದಲ್ಲಿ ಕಬಡ್ಡಿ, ವಾಲಿಬಾಲ್, ಆಗಾಗ ಸಭೆ ಸಮಾರಂಭ, ಬೆಳಿಗ್ಗೆ ಸಂಜೆ ವಾಕಿಂಗ್. ಜಾಗ ಇರುವುದು ಒಂದೇ, ದುಡ್ಡು ಬರುವುದೂ ಒಂದೇ ಸಲ. ಹಾಗಾಗಿ ಎಲ್ಲವನ್ನೂ ಒಂದರಲ್ಲೇ ತುಂಬಿಬಿಡೋಣ ಅಂತ ಅನ್ನಿಸುವುದು ಸಹಜ.

ನನಗೆ ತಿಳಿಯಬೇಕಾದ್ದು ಇಷ್ಟೇ. ಯಾವ ಆಟ ಯಾವುದರ ಜೊತೆ ನಿಜವಾಗಿ ಹೊಂದುತ್ತದೆ, ಯಾವುದು ನಕ್ಷೆಯಲ್ಲಿ ಮಾತ್ರ ಹೊಂದುತ್ತದೆ? ಅಳತೆ ಗೊತ್ತಿರುವವರು, ಮೈದಾನ ನೋಡಿಕೊಂಡವರು, ಓಡಿ ಆಡಿ ಅನುಭವ ಇರುವವರು ಬರೆಯಿರಿ. ಯಾವ ಪಕ್ಷ ಕಟ್ಟಿಸಿತು, ಯಾರು ಶಂಕುಸ್ಥಾಪನೆ ಮಾಡಿದರು ಅನ್ನುವ ಮಾತು ದಯವಿಟ್ಟು ಬೇಡ.

ಎಂಟನೇ ಲೇನ್:

ಅಳತೆಯಿಂದಲೇ ಶುರು ಮಾಡೋಣ, ಯಾಕಂದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

400 ಮೀಟರ್ ಟ್ರ್ಯಾಕ್‌ನಲ್ಲಿ ನೇರ ಭಾಗ ಒಂದೊಂದು ಬದಿಗೆ 84.39 ಮೀಟರ್. ತಿರುವಿನ ಒಳ ಅಂಚಿನ ತ್ರಿಜ್ಯ 36.50 ಮೀಟರ್. ಒಂದು ಲೇನ್‌ನ ಅಗಲ 1.22 ಮೀಟರ್. 8 ಲೇನ್ ಹಾಕಿದರೆ ಒಟ್ಟು ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲದ ಜಾಗ ಟ್ರ್ಯಾಕ್ ಒಂದಕ್ಕೇ ಹೋಯಿತು. ಇದರ ಮೇಲೆ ಇನ್ನೊಂದಿದೆ. 100 ಮೀಟರ್ ಓಟ, 110 ಮೀಟರ್ ಹರ್ಡಲ್ಸ್ ನೇರದಲ್ಲೇ ಮುಗಿಯಬೇಕು. ಶುರುವಿನ ಗೆರೆಯ ಹಿಂದೆ 3 ಮೀಟರ್, ಮುಗಿಯುವ ಗೆರೆಯ ಮುಂದೆ ನಿಲ್ಲಲು 17 ಮೀಟರ್ ಬಿಡಬೇಕು. ಅಂದರೆ ಒಂದು ಬದಿಯಲ್ಲಿ 130 ಮೀಟರ್ ನೇರ ಜಾಗ ಬೇಕು. ಜಾಗ ಸಾಲದೆ ಈ 17 ಮೀಟರ್ ಕತ್ತರಿಸಿದ ಕಡೆ ಓಟಗಾರರು ಗೆರೆ ದಾಟಿದ ಮೇಲೆ ಗೋಡೆಗೆ ಕೈ ಕೊಟ್ಟು ನಿಲ್ಲುವುದನ್ನು ನೋಡಿದ್ದೇನೆ.

ಇನ್ನು ಒಳಗೆ ಏನು ಉಳಿಯುತ್ತದೆ ಅಂತ ನೋಡಿ. ಅಗಲ 73 ಮೀಟರ್. ಫುಟ್‌ಬಾಲ್‌ಗೆ ದೊಡ್ಡ ಪಂದ್ಯಗಳಲ್ಲಿ ಬಳಸುವ ಅಳತೆ 105 ಉದ್ದ, 68 ಅಗಲ. ಬದಿಯಲ್ಲಿ ಎರಡೂವರೆ ಮೀಟರ್ ಸಿಗುತ್ತದೆ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಮೂಲೆ ನೋಡಿ. ಟ್ರ್ಯಾಕ್ ಅಲ್ಲಿ ಬಾಗುತ್ತಿರುತ್ತದೆ, ಫುಟ್‌ಬಾಲ್ ಅಂಕಣ ಆಯತವಾಗಿಯೇ ಇರುತ್ತದೆ. ಲೆಕ್ಕ ಹಾಕಿದರೆ ಮೂಲೆಯ ಧ್ವಜದಿಂದ ಟ್ರ್ಯಾಕ್‌ನ ಒಳ ಅಂಚಿಗೆ ಒಂದು ಮೀಟರ್ ಕೂಡ ಇರುವುದಿಲ್ಲ. ಕಾರ್ನರ್ ಕಿಕ್ ಹೊಡೆಯುವವನು ಓಡಿ ಬರುವುದು ರಬ್ಬರ್ ಟ್ರ್ಯಾಕ್ ಮೇಲಿಂದ, ಅದೂ ಬೂಟಿನ ಅಡಿಗೆ ಗಟ್ಟಿ ಸ್ಟಡ್ ಹಾಕಿಕೊಂಡು. ಒಳ ಲೇನ್ ಮೊದಲು ಹಾಳಾಗುವುದು ಈ ನಾಲ್ಕು ಜಾಗದಲ್ಲೇ.

ಇದಕ್ಕೆ ಉಪಾಯ ಇದೆ. ಅಂಕಣವನ್ನು 100 ಉದ್ದ 64 ಅಗಲಕ್ಕೆ ಇಳಿಸಿ. ಅಂತರರಾಷ್ಟ್ರೀಯ ಪಂದ್ಯಕ್ಕೆ ನಿಯಮ ಹೇಳುವ ಕನಿಷ್ಠ ಅಳತೆಯೂ ಇದೇ. ಆಗ ಮೂಲೆಯಲ್ಲಿ ಮೂರೂವರೆ ಮೀಟರ್ ಸಿಗುತ್ತದೆ. ಸಣ್ಣ ನಗರದ ಲೀಗ್‌ಗೆ ಇದು ಧಾರಾಳ ಸಾಕು. ಆದರೆ ನಕ್ಷೆ ಮಾಡುವವರಿಗೆ 105 ಅಂತ ಬರೆಯದಿದ್ದರೆ ಸಮಾಧಾನ ಇರುವುದಿಲ್ಲ.

ಬೌಂಡರಿ ರೋಪ್:

ಫುಟ್‌ಬಾಲ್ ಆಯಿತು, ಟ್ರ್ಯಾಕ್ ಆಯಿತು. ಕ್ರಿಕೆಟ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಿಜ ಹೇಳಿ, ಮೈದಾನ ತೆರೆದರೆ ಮೊದಲು ಬರುವ ಹುಡುಗರು ಯಾರು? ಬ್ಯಾಟ್ ಹಿಡಿದವರೇ ಅಲ್ವಾ? ಹೆಚ್ಚು ಜನ ಆಡುವ ಆಟಕ್ಕೆ ಜಾಗ ಇಲ್ಲ ಅಂದರೆ ಅದು ಯಾರಿಗಾಗಿ ಕಟ್ಟಿದ ಕ್ರೀಡಾಂಗಣ? ಬೌಂಡರಿ ಸ್ವಲ್ಪ ಚಿಕ್ಕದು ಮಾಡಿಕೊಂಡರಾಯಿತು.

ಎಂಟನೇ ಲೇನ್:

ಸ್ವಲ್ಪ ಅಂದರೆ ಎಷ್ಟು? ಅಂತರರಾಷ್ಟ್ರೀಯ ಪುರುಷರ ಪಂದ್ಯದಲ್ಲಿ ಪಿಚ್ ನಡುವಿನಿಂದ ಬೌಂಡರಿಗೆ ಕನಿಷ್ಠ 65 ಗಜ, ಅಂದರೆ 59 ಮೀಟರ್ ಮೇಲೆ. ಟ್ರ್ಯಾಕ್‌ನ ಒಳಗೆ ನಡುವಿನಿಂದ ಬದಿಗೆ ಸಿಗುವುದು 36.5 ಮೀಟರ್. ಟ್ರ್ಯಾಕ್‌ನ 8 ಲೇನ್‌ಗಳನ್ನೂ ಸೇರಿಸಿಕೊಂಡು ಅಳೆದರೂ 46 ಮೀಟರ್ ಚಿಲ್ಲರೆ. ಅಂದರೆ ಟ್ರ್ಯಾಕ್ ಮೇಲೆ ಫೀಲ್ಡರ್ ನಿಲ್ಲಿಸಿದರೂ ಬೌಂಡರಿ ಆಗುವುದಿಲ್ಲ, ಹಗ್ಗ ಗ್ಯಾಲರಿಯೊಳಗೆ ಹೋಗುತ್ತದೆ. ಟೆನಿಸ್ ಬಾಲ್ ಆಡಿಕೊಳ್ಳಿ, ಬೇಡ ಅನ್ನುವವರಿಲ್ಲ. ಗಟ್ಟಿ ಚೆಂಡಿನ ಕ್ರಿಕೆಟ್ ಮತ್ತು 400 ಮೀಟರ್ ಟ್ರ್ಯಾಕ್ ಒಂದೇ ಆವರಣದಲ್ಲಿ ಇರಬೇಕಾದರೆ ಗ್ಯಾಲರಿಯನ್ನು ಇನ್ನಷ್ಟು ಹಿಂದೆ ತಳ್ಳಬೇಕು. ಹಾಗೆ ತಳ್ಳಿದರೆ ಏನಾಗುತ್ತದೆ ಅನ್ನುವುದನ್ನು ಪ್ರೇಕ್ಷಕರ ಕಡೆಯವರು ಹೇಳಲಿ.

ಹುಲ್ಲು ನೋಡುವವ:

ಅಳತೆ ಸರಿ ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. ಮಣ್ಣಿನ ಮಾತು ಯಾರೂ ಎತ್ತುವುದಿಲ್ಲ.

ಕ್ರಿಕೆಟ್ ಪಿಚ್‌ಗೆ ಜೇಡಿಮಣ್ಣು ಬೇಕು. ರೋಲರ್ ಹೊಡೆದು ಹೊಡೆದು ಅದು ಗಟ್ಟಿಯಾಗಬೇಕು, ನೀರು ಬೇಗ ಇಳಿಯಬಾರದು. ಫುಟ್‌ಬಾಲ್ ಹುಲ್ಲಿಗೆ ಬೇಕಾದ್ದು ಪೂರ್ತಿ ಉಲ್ಟಾ. ಬೇರಿನ ಪದರದಲ್ಲಿ ಮರಳು ಜಾಸ್ತಿ ಇರಬೇಕು, ಮಳೆ ಬಂದ ಕೂಡಲೇ ನೀರು ಕೆಳಗೆ ಇಳಿಯಬೇಕು, ಬಿದ್ದರೆ ಪೆಟ್ಟಾಗದಷ್ಟು ಮೆತ್ತಗಿರಬೇಕು. ಎರಡನ್ನೂ ಒಂದೇ ಜಾಗದಲ್ಲಿ ಕೇಳಿದರೆ ಫುಟ್‌ಬಾಲ್ ಅಂಕಣದ ಸರಿ ನಡುವೆ 20 ಮೀಟರ್ ಉದ್ದದ ಬೋಳು ಪಟ್ಟಿ ಇರುತ್ತದೆ. ಮಳೆಗಾಲದಲ್ಲಿ ಅದು ಕೆಸರು, ಬೇಸಿಗೆಯಲ್ಲಿ ಸಿಮೆಂಟ್. ಚೆಂಡು ಅಲ್ಲಿ ಬೇರೆ ಥರ ಪುಟಿಯುತ್ತದೆ, ಹುಡುಗರು ಅಲ್ಲೇ ಮೊಣಕಾಲು ಕೆತ್ತಿಸಿಕೊಳ್ಳುತ್ತಾರೆ.

ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್‌ನಲ್ಲಿ ಚಳಿಗಾಲದಲ್ಲಿ ಅವರ ಫುಟ್‌ಬಾಲ್, ಬೇಸಿಗೆಯಲ್ಲಿ ಕ್ರಿಕೆಟ್ ನಡೆಯುತ್ತದಲ್ಲ ಅಂತ ಯಾರಾದರೂ ಕೇಳುತ್ತಾರೆ, ಕಾಯುತ್ತಿದ್ದೇನೆ. ಅಲ್ಲಿ ಪಿಚ್ ಬೇರೆ ಕಡೆ ಬೆಳೆಸಿ, ದೊಡ್ಡ ತಟ್ಟೆಯ ಸಮೇತ ಯಂತ್ರದಲ್ಲಿ ತಂದು ಇಳಿಸುತ್ತಾರೆ, ಋತು ಮುಗಿದ ಮೇಲೆ ಎತ್ತಿಕೊಂಡು ಹೋಗುತ್ತಾರೆ. ಅಷ್ಟು ಯಂತ್ರ, ಅಷ್ಟು ಜನ ಇಟ್ಟುಕೊಳ್ಳುವ ಶಕ್ತಿ ಸಣ್ಣ ನಗರಕ್ಕೆ ಎಲ್ಲಿಂದ ಬರಬೇಕು? ಮತ್ತೆ ಅಲ್ಲಿ ಓಟದ ಟ್ರ್ಯಾಕ್ ಇಲ್ಲ ಅನ್ನುವುದನ್ನೂ ನೆನಪಿಡಿ. 1956ರ ಒಲಿಂಪಿಕ್ಸ್‌ಗೆ ಹಾಕಿದ್ದರು, ಆಮೇಲೆ ತೆಗೆದರು.

ದೊಡ್ಡ ನಗರಕ್ಕೇ ಇದು ತಲೆನೋವು. 2018ರಲ್ಲಿ ಕೊಚ್ಚಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಭಾರತ ಮತ್ತು ವೆಸ್ಟ್ ಇಂಡೀಸ್ ಏಕದಿನ ಪಂದ್ಯ ಆಡಿಸಬೇಕು ಅಂತ ಮಾತು ಬಂತು. ಅದರ ಹಿಂದಿನ ವರ್ಷವಷ್ಟೇ 17 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್‌ಗೆ ಅಲ್ಲಿ ಹೊಸ ಹುಲ್ಲು ಹಾಕಿದ್ದರು. ಪಿಚ್‌ಗಾಗಿ ಅದನ್ನು ಅಗೆಯುತ್ತಾರಾ ಅಂತ ಫುಟ್‌ಬಾಲ್ ಪ್ರೇಮಿಗಳು ಎದ್ದು ನಿಂತರು, ಹೆಸರಾಂತ ಆಟಗಾರರೂ ದನಿಗೂಡಿಸಿದರು. ಕೊನೆಗೆ ಪಂದ್ಯ ತಿರುವನಂತಪುರಕ್ಕೆ ಹೋಯಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಕಟ್ಟುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಇಲ್ಲಿ ಯಾವ ಆಟ ಆಡುವುದಿಲ್ಲ. ಆಡುವ ಆಟಗಳ ಪಟ್ಟಿಯನ್ನು ಯಾರು ಬೇಕಾದರೂ ಬರೆಯುತ್ತಾರೆ. ಬೇಡದ್ದನ್ನು ಬರೆದು ಸಹಿ ಹಾಕಲು ಧೈರ್ಯ ಬೇಕು.

ಬೌಂಡರಿ ರೋಪ್:

ಆ ಹಾಳೆಯಲ್ಲಿ ಮೊದಲ ಹೆಸರು ಕ್ರಿಕೆಟ್ ಅಂತ ಎಲ್ಲರೂ ಆಗಲೇ ಬರೆದುಕೊಂಡಿದ್ದೀರಿ ಅನ್ನಿಸುತ್ತೆ. 🙂 ವಾರಪೂರ್ತಿ ಟ್ರ್ಯಾಕ್ ಮೇಲೆ ಓಡುವವರು ಎಷ್ಟು ಜನ ಅಂತಲೂ ಒಮ್ಮೆ ಎಣಿಸಿ ನೋಡಿ.

ಗ್ಯಾಲರಿ ಮೇಲ್ಸಾಲು:

ಪ್ರೇಕ್ಷಕರ ಕಡೆಯಿಂದ ನಾನು ಬರೆಯುತ್ತೇನೆ, ಯಾಕಂದ್ರೆ ಆಟ ಆಡಿದ್ದಕ್ಕಿಂತ ನೋಡಿದ್ದೇ ಜಾಸ್ತಿ.

ಟ್ರ್ಯಾಕ್ ಇರುವ ಕಡೆ ಫುಟ್‌ಬಾಲ್ ನೋಡುವುದು ಕಷ್ಟ. ಎಂಟನೇ ಲೇನ್ ಕೊಟ್ಟ ಅಳತೆಯನ್ನೇ ಹಿಡಿದರೆ ಗೋಲಿನ ಗೆರೆಯಿಂದ ಟ್ರ್ಯಾಕ್‌ನ ಹೊರ ಅಂಚಿಗೆ 36 ಮೀಟರ್. ಅದರ ಹಿಂದೆ ಮೊದಲ ಸಾಲು. ಗೋಲು ಬಿತ್ತೋ ಬಲೆಯ ಹೊರಗೆ ತಗುಲಿತೋ ಅಂತ ಗೊತ್ತಾಗುವುದು ಎದುರು ಬದಿಯವರು ಕೂಗಿದಾಗ! ಬದಿಯ ಸಾಲುಗಳು ಪರವಾಗಿಲ್ಲ, 12 ಮೀಟರ್ ಚಿಲ್ಲರೆ ದೂರ.

ಇಟಲಿಯ ಟ್ಯೂರಿನ್‌ನಲ್ಲಿ 1990ರ ವಿಶ್ವಕಪ್‌ಗೆ ಡೆಲ್ಲೆ ಆಲ್ಪಿ ಅಂತ ದೊಡ್ಡ ಕ್ರೀಡಾಂಗಣ ಕಟ್ಟಿದರು. ಸುತ್ತ ಟ್ರ್ಯಾಕ್ ಇತ್ತು. ಯುವೆಂಟಸ್‌ನಂಥ ತಂಡ ಅಲ್ಲಿ ಆಡುತ್ತಿದ್ದರೂ ಸೀಟುಗಳು ಖಾಲಿ ಹೊಡೆಯುತ್ತಿದ್ದವು, ಅಷ್ಟು ದೂರದಿಂದ ಆಟ ನೋಡುವುದು ಜನರಿಗೆ ಹಿಡಿಸಲಿಲ್ಲ. ಇಪ್ಪತ್ತು ವರ್ಷ ತುಂಬುವ ಮೊದಲೇ ಅದನ್ನು ಕೆಡವಿ, ಅದೇ ಜಾಗದಲ್ಲಿ ಟ್ರ್ಯಾಕ್ ಇಲ್ಲದ, ಅದಕ್ಕಿಂತ ಚಿಕ್ಕ ಕ್ರೀಡಾಂಗಣ ಕಟ್ಟಿದರು. 2011ರಲ್ಲಿ ಅದು ಶುರುವಾಯಿತು. ಪ್ಯಾರಿಸ್‌ನ ಸ್ಟಾಡ್ ದ ಫ್ರಾನ್ಸ್‌ನಲ್ಲಿ ಕೆಳಗಿನ ಸಾಲುಗಳೇ ಹಿಂದಕ್ಕೆ ಸರಿಯುತ್ತವೆ, ಟ್ರ್ಯಾಕ್ ಬೇಕಾದಾಗ ತೆರೆಯುತ್ತದೆ. ಚೆನ್ನಾಗಿದೆ, ಆದರೆ ಅದು ನಮ್ಮ ಚರ್ಚೆಗೆ ಸೇರಿದ್ದಲ್ಲ. ನಗರಸಭೆಯೊಂದು ಸರಿಯುವ ಗ್ಯಾಲರಿಗೆ ಎಣ್ಣೆ ಹಾಕಿಸುತ್ತಾ ಕೂರುವುದನ್ನು ಯೋಚಿಸಲೂ ಆಗುವುದಿಲ್ಲ.

ನಮಗೆ ಹತ್ತಿರದ ಉದಾಹರಣೆ ಪೋರ್ಚುಗಲ್‌ನ ಲೈರಿಯಾ. ಸಣ್ಣ ನಗರ. 2004ರ ಯೂರೋ ಕಪ್ ಬಂತು ಅಂತ ಸುಮಾರು 24,000 ಜನ ಕೂರುವ ಕ್ರೀಡಾಂಗಣ ಮಾಡಿಕೊಂಡರು, ಟ್ರ್ಯಾಕ್ ಕೂಡ ಉಳಿಸಿಕೊಂಡರು. ಆ ಕಪ್‌ನಲ್ಲಿ ಅಲ್ಲಿ ನಡೆದದ್ದು ಎರಡೇ ಎರಡು ಪಂದ್ಯ, ಎರಡರಲ್ಲೂ ಒಂದು ತಂಡ ಕ್ರೊಯೇಷಿಯಾ. ಆಮೇಲೆ ಅಷ್ಟು ಸೀಟು ತುಂಬುವವರು ಯಾರು? ಊರಿನ ಕ್ಲಬ್ ಕೂಡ ಖರ್ಚು ತಾಳದೆ ಒಂದಷ್ಟು ಕಾಲ ಪಕ್ಕದ ಊರಿಗೆ ಹೋಗಿ ಆಡಿತು. 2011ರಲ್ಲಿ ನಗರಸಭೆ ಕ್ರೀಡಾಂಗಣವನ್ನೇ ಮಾರಾಟಕ್ಕಿಟ್ಟಿತು. ಕೊಳ್ಳುವವರು ಬರಲಿಲ್ಲ. ತಮಾಷೆ ಏನಂದರೆ, ಟ್ರ್ಯಾಕ್ ಇದ್ದದ್ದರಿಂದ 2009ರಲ್ಲಿ ಯುರೋಪಿನ ಅಥ್ಲೆಟಿಕ್ಸ್ ತಂಡಗಳ ಚಾಂಪಿಯನ್‌ಷಿಪ್ ಅಲ್ಲಿ ನಡೆಯಿತು. ಟ್ರ್ಯಾಕ್ ಅಷ್ಟಾದರೂ ದುಡಿಯಿತು. ಹೊರೆಯಾದದ್ದು ಸೀಟು.

ಸಣ್ಣ ನಗರಕ್ಕೆ ನನ್ನ ಸಲಹೆ: ಒಂದೇ ಬದಿಗೆ ಒಳ್ಳೆಯ ಗ್ಯಾಲರಿ ಕಟ್ಟಿ, ಅದಕ್ಕೆ ಮಾತ್ರ ಚಾವಣಿ ಹಾಕಿ. ಉಳಿದ ಮೂರು ಕಡೆ ಮಣ್ಣಿನ ದಿಬ್ಬ ಮಾಡಿ ಹುಲ್ಲು ಬೆಳೆಸಿ. ಜನ ಬಂದರೆ ಕೂರುತ್ತಾರೆ, ಬಾರದಿದ್ದರೆ ಖಾಲಿ ಕುರ್ಚಿ ಬಿಸಿಲಿಗೆ ಸೀಳುವುದಾದರೂ ತಪ್ಪುತ್ತದೆ.

ಬೆಳಗಿನ ಸ್ಪೈಕ್ಸ್:

ಓಡುವವರನ್ನು ಎಣಿಸಿ ನೋಡಿ ಅಂದರಲ್ಲ ಬೌಂಡರಿ ರೋಪ್, ಎಣಿಸಲು ಗೇಟ್ ತೆರೆದಿರಬೇಕು ಮೊದಲು.

ನಾನು ತರಬೇತಿ ಮಾಡುತ್ತಿದ್ದ ಒಂದು ಕಡೆ ಸಿಂಥೆಟಿಕ್ ಟ್ರ್ಯಾಕ್ ಹಾಕಿದ ಮೇಲೆ ಅದು ಹಾಳಾಗುತ್ತದೆ ಅಂತ ಹೆದರಿ ಬೀಗ ಹಾಕಿಟ್ಟರು. ಮೊದಲು ಮಣ್ಣಿನ ಟ್ರ್ಯಾಕ್ ಇದ್ದಾಗ ಯಾವಾಗ ಬೇಕಾದರೂ ಓಡುತ್ತಿದ್ದೆವು, ಹೊಸದು ಬಂದ ಮೇಲೆ ಕಾಂಪೌಂಡ್ ಹೊರಗಿನ ರಸ್ತೆಯಲ್ಲಿ ಓಡಿದೆವು. ಗಣ್ಯರು ಬಂದ ದಿನ ಮಾತ್ರ ಬೀಗ ತೆಗೆಯುತ್ತಿದ್ದರು. ಟ್ರ್ಯಾಕ್ ಓಡಿದರೆ ಸವೆಯುತ್ತದೆ ನಿಜ, ಆದರೆ ಬಿಸಿಲು ಮಳೆಗೆ ಸುಮ್ನೆ ಬಿದ್ದಿದ್ದರೂ ಸವೆಯುತ್ತದೆ. ಅದರ ಆಯಸ್ಸು ಹೇಗೂ ಸುಮಾರು ಹತ್ತು ವರ್ಷ, ಆಮೇಲೆ ಮೇಲ್ಪದರ ಹೊಸದಾಗಿ ಹಾಕಲೇಬೇಕು. ಹಾಗಿದ್ದ ಮೇಲೆ ಬೀಗ ಹಾಕಿ ಯಾರಿಗೆ ಉಳಿಸುತ್ತೀರಿ?

ಇನ್ನು ವಾಕಿಂಗ್. ವಾಕ್ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಮನೆಯವರೂ ಮಾಡುತ್ತಾರೆ. ಆದರೆ ಒಂದನೇ ಲೇನ್‌ನಲ್ಲಿ ನಾಲ್ಕು ಜನ ಸಾಲಾಗಿ ಮಾತಾಡಿಕೊಂಡು ನಡೆಯುತ್ತಿದ್ದರೆ ಹಿಂದಿನಿಂದ 300 ಮೀಟರ್ ರಿಪಿಟಿಷನ್ (ಒಂದೇ ದೂರವನ್ನು ಮತ್ತೆ ಮತ್ತೆ ವೇಗವಾಗಿ ಓಡುವ ಅಭ್ಯಾಸ) ಓಡಿ ಬರುವವಳು ಏನು ಮಾಡಬೇಕು? ಕೂಗಿದರೆ ಸೊಕ್ಕು ಅಂತಾರೆ, ಕೂಗದಿದ್ದರೆ ಇಬ್ಬರೂ ಬೀಳುತ್ತೇವೆ. ಒಳಗಿನ ಲೇನ್‌ಗಳೇ ಎಲ್ಲ ಕಡೆ ಮೊದಲು ಸವೆಯುವುದು, ದೂರದ ಓಟ ಪೂರ್ತಿ ಒಂದನೇ ಲೇನ್‌ನಲ್ಲೇ ನಡೆಯುವುದರಿಂದ. ಪರಿಹಾರ ಸುಲಭ. ಟ್ರ್ಯಾಕ್‌ನ ಹೊರಗೆ, ಗ್ಯಾಲರಿ ಮತ್ತು ದಿಬ್ಬದ ಹಿಂದೆ ಸುತ್ತಲೂ ಮಣ್ಣಿನ ದಾರಿ ಮಾಡಿ, ಅಲ್ಲಲ್ಲಿ ಮರ ಇರಲಿ, ಕೂರಲು ಕಟ್ಟೆ ಇರಲಿ. ಮೊಣಕಾಲು ನೋವಿನವರಿಗೆ ಅದೇ ಒಳ್ಳೆಯದು, ಅವರು ಟ್ರ್ಯಾಕ್‌ಗೆ ಬರುವುದೇ ಇಲ್ಲ.

ಹುಡುಗಿಯರು ಸಂಜೆ ಬರುವುದಿಲ್ಲ ಅಂತ ದೂರುತ್ತಾರೆ. ಟಾಯ್ಲೆಟ್ ಎಲ್ಲಿದೆ, ಬಾಗಿಲಿಗೆ ಚಿಲಕ ಇದೆಯಾ, ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪ ಉರಿಯುತ್ತದಾ ಅಂತ ಮಾತ್ರ ನೋಡುವುದಿಲ್ಲ. ಹೊನಲು ಬೆಳಕಿನ ನಾಲ್ಕು ದೊಡ್ಡ ಕಂಬ ನಿಲ್ಲಿಸುತ್ತಾರೆ, ವಿದ್ಯುತ್ ಬಿಲ್ ಜಾಸ್ತಿ ಅಂತ ಹಾಕುವುದಿಲ್ಲ. ಅಷ್ಟು ಬೆಳಕು ನಮಗೆ ಬೇಕಾಗಿಯೂ ಇಲ್ಲ.

ಲೆವೆಲ್ ಪೈಪ್:

ಬೆಳಕಿನ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಹೊರಾಂಗಣ ಫುಟ್‌ಬಾಲ್‌ಗೆ ಯುರೋಪಿನ ಮಾನದಂಡದಲ್ಲಿ ಅಭ್ಯಾಸದ ಮಟ್ಟಕ್ಕೆ 75 ಲಕ್ಸ್ (ನೆಲದ ಮೇಲೆ ಬೀಳುವ ಬೆಳಕಿನ ಅಳತೆ), ಸ್ಥಳೀಯ ಪಂದ್ಯಕ್ಕೆ 200, ದೊಡ್ಡ ಪಂದ್ಯಕ್ಕೆ 500. ಟಿವಿ ಪ್ರಸಾರದ ಬೇಡಿಕೆ ಇದನ್ನೆಲ್ಲ ಮೀರಿದ್ದು. ಒಂದೇ ಕಂಬದಲ್ಲಿ ಬೇರೆ ಬೇರೆ ಸ್ವಿಚ್ ಇಟ್ಟು, ಕಾಲು ಭಾಗ ದೀಪ ಮಾತ್ರ ಹಾಕುವ ಹಾಗೆ ವೈರಿಂಗ್ ಮಾಡಿದರೆ ದಿನದ ಅಭ್ಯಾಸ ನಡೆಯುತ್ತದೆ. ಇದನ್ನು ಟೆಂಡರ್ ಸಮಯದಲ್ಲೇ ಕೇಳಬೇಕು. ಕಂಬ ನಿಂತ ಮೇಲೆ ಕೇಳಿದರೆ ದುಪ್ಪಟ್ಟು ಕೆಲಸ.

ನನ್ನ ಕ್ಷೇತ್ರ ನೀರು. ಟ್ರ್ಯಾಕ್‌ನ ನಿಯಮದಲ್ಲಿ ಅಡ್ಡ ಇಳಿಜಾರು ಒಳಗಡೆಗೆ, ಅದೂ ನೂರಕ್ಕೆ ಒಂದಕ್ಕಿಂತ ಜಾಸ್ತಿ ಇರಬಾರದು. ಓಡುವ ದಿಕ್ಕಿನಲ್ಲಿ ಇಳಿಜಾರು ಸಾವಿರಕ್ಕೆ ಒಂದು ಮಾತ್ರ. ಅಂದರೆ ಮಳೆ ಬಂದಾಗ ಟ್ರ್ಯಾಕ್ ಮೇಲಿನ ನೀರೆಲ್ಲ ಒಳ ಅಂಚಿಗೆ ಹರಿಯುತ್ತದೆ. ಅತ್ತ ಫುಟ್‌ಬಾಲ್ ಹುಲ್ಲಿನ ನೀರೂ ಹೊರಕ್ಕೆ, ಅದೇ ಅಂಚಿಗೆ. ಎರಡು ಕಡೆಯ ನೀರು ಸೇರುವ ಜಾಗದಲ್ಲಿ ಕೈಯಗಲದ ಒಂದು ಚರಂಡಿ ಇರುತ್ತದೆ. ಇಡೀ ಕ್ರೀಡಾಂಗಣದ ಹಣೆಬರಹ ಆ ಚರಂಡಿಯಲ್ಲಿದೆ. ಹುಲ್ಲು ಕತ್ತರಿಸಿದ ಚೂರು, ಪ್ಲಾಸ್ಟಿಕ್ ಲೋಟ ಸೇರಿ ಅದು ಕಟ್ಟಿಕೊಂಡರೆ ನೀರು ಟ್ರ್ಯಾಕ್ ಅಡಿಗೆ ನುಗ್ಗುತ್ತದೆ. ಕೆಳಗಿನ ಡಾಂಬರು ಮತ್ತು ಮೇಲಿನ ರಬ್ಬರ್ ನಡುವೆ ನೀರು ನಿಂತರೆ ಗುಳ್ಳೆ ಏಳುತ್ತದೆ. ಆಮೇಲೆ ಗುತ್ತಿಗೆದಾರ ಕಳಪೆ ಕೆಲಸ ಮಾಡಿದ ಅಂತ ಬೈಗುಳ. ಕೆಲವು ಸಲ ಅದೂ ನಿಜವೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಪೊರಕೆ ಹಿಡಿಯುವ ಒಬ್ಬ ಮನುಷ್ಯನನ್ನು ನೇಮಿಸದೆ ಗುಳ್ಳೆ ಎದ್ದ ಕಡೆಗಳೂ ಬೇಕಾದಷ್ಟಿವೆ.

ದಿಕ್ಕು ಮರೆಯಬೇಡಿ. ಉದ್ದ ಉತ್ತರ ದಕ್ಷಿಣವಾಗಿ ಇರಬೇಕು. ಇಲ್ಲದಿದ್ದರೆ ಸಂಜೆ ಒಂದು ಗೋಲ್‌ಕೀಪರ್‌ಗೆ ಕಣ್ಣಿಗೆ ನೇರ ಸೂರ್ಯ. ಒಂದೇ ಗ್ಯಾಲರಿ ಕಟ್ಟುವುದಾದರೆ ಪಶ್ಚಿಮಕ್ಕೆ ಕಟ್ಟಿ. ಸಂಜೆಯ ಬಿಸಿಲು ನೋಡುವವರ ಬೆನ್ನಿಗೆ ಬೀಳುತ್ತದೆ. ಓಟ ಮುಗಿಯುವ ಗೆರೆಯೂ ಆ ಬದಿಗೇ ಇರಲಿ.

ಸ್ಟೇಜ್ ಮುಂದೆ:

ಇಷ್ಟೆಲ್ಲ ನೋಡಿಕೊಳ್ಳಲು ದುಡ್ಡು ಬೇಡವಾ? ಸಂಗೀತ ಕಾರ್ಯಕ್ರಮ, ವಸ್ತುಪ್ರದರ್ಶನ, ಸಮಾವೇಶಕ್ಕೆ ಬಾಡಿಗೆ ಕೊಟ್ಟರೆ ಬರುತ್ತದೆ. ಬಹುಉಪಯೋಗಿ ಅಂದ ಮೇಲೆ ಇದೂ ಉಪಯೋಗವೇ.

ಹುಲ್ಲು ನೋಡುವವ:

ಬಾಡಿಗೆ ಒಂದು ದಿನದ್ದು, ಗಾಯ ಒಂದು ಋತುವಿನದು. ಸ್ಟೇಜ್ ಸಾಮಾನು ಹೊತ್ತ ಲಾರಿ ಎಲ್ಲಿಂದ ಒಳಗೆ ಬರುತ್ತದೆ ಹೇಳಿ? ಟ್ರ್ಯಾಕ್ ದಾಟದೆ ನಡುವಿನ ಮೈದಾನಕ್ಕೆ ಬೇರೆ ದಾರಿಯೇ ಇಲ್ಲ. ರಬ್ಬರ್ ಪದರ ಸುಮಾರು 13 ಮಿಲಿಮೀಟರ್ ದಪ್ಪ ಅಷ್ಟೇ. ಚಕ್ರ ಅಲ್ಲೇ ತಿರುಗಿದರೆ ಕಿತ್ತು ಬರುತ್ತದೆ, ಡೀಸೆಲ್ ಸೋರಿದರೆ ಆ ಜಾಗ ಕರಗುತ್ತದೆ. ಹುಲ್ಲಿನ ಮೇಲೆ ಹಲಗೆ ಹಾಸಿದರೆ ಗಾಳಿ ಬೆಳಕು ಇಲ್ಲದೆ ಹಳದಿಯಾಗುತ್ತದೆ. ಪೆಂಡಾಲ್‌ನವರು ಗೂಟ ಹೊಡೆದ ಜಾಗದಲ್ಲಿ ಕೆಳಗಿನ ನೀರಿನ ಪೈಪ್ ಒಡೆದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಮುಂದಿನ ಮಳೆಯವರೆಗೆ.

ಕಾರ್ಯಕ್ರಮ ಬೇಕೇ ಬೇಕು ಅಂದರೆ ಕ್ರೀಡಾಂಗಣದ ಹೊರಗಿನ ಪಾರ್ಕಿಂಗ್ ಜಾಗವನ್ನು ಅದಕ್ಕೆ ತಕ್ಕ ಹಾಗೆ ಮಾಡಿ. ಅಲ್ಲಿ ವಿದ್ಯುತ್, ನೀರು, ಟಾಯ್ಲೆಟ್ ಎಲ್ಲ ಹತ್ತಿರವೇ ಇರುತ್ತದೆ. ನಡುವಿನ ಮೈದಾನ ಮುಟ್ಟಬೇಡಿ.

ಕೃತಕ ಹುಲ್ಲು ಹಾಕಿಬಿಡಿ ಅಂತ ಮುಂದಿನವರು ಬರೆಯುತ್ತಾರೆ ಅಂತ ಗೊತ್ತು. ಅದು ಹೆಸರು ಮಾಡಿದ್ದೇ ಒಂದು ಬಹುಉಪಯೋಗಿ ಕ್ರೀಡಾಂಗಣದ ಎಡವಟ್ಟಿನಿಂದ. ಅಮೆರಿಕದ ಹ್ಯೂಸ್ಟನ್‌ನಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಅಂತ ಪೂರ್ತಿ ಚಾವಣಿಯ ಕ್ರೀಡಾಂಗಣ ತೆರೆದರು. ಹುಲ್ಲು ಬೆಳೆಯಲಿ ಅಂತ ಚಾವಣಿಗೆ ಪಾರದರ್ಶಕ ಫಲಕ ಇಟ್ಟಿದ್ದರು. ಮೇಲಕ್ಕೆ ಹೋದ ಬೇಸ್‌ಬಾಲ್ ಆ ಬೆಳಕಿನಲ್ಲಿ ಆಟಗಾರರಿಗೆ ಕಾಣಲಿಲ್ಲ. ಫಲಕಕ್ಕೆ ಬಣ್ಣ ಬಳಿದರು. ಹುಲ್ಲು ಸತ್ತಿತು. 1966ರಲ್ಲಿ ನೈಲಾನ್ ಹುಲ್ಲು ಹಾಸಿದರು, ಅದಕ್ಕೆ ಆಸ್ಟ್ರೋಟರ್ಫ್ ಅಂತ ಹೆಸರು ಬಂತು. ಈಗಿನ ಕೃತಕ ಹುಲ್ಲು ಬಹಳ ಸುಧಾರಿಸಿದೆ, ದಿನವಿಡೀ ಆಡಬಹುದು, ಮಕ್ಕಳ ತರಬೇತಿಗೆ ಅದೇ ಸರಿ ಅಂತ ನಾನೂ ಒಪ್ಪುತ್ತೇನೆ. ಆದರೆ ಬಿಸಿಲೂರಿನಲ್ಲಿ ಮಧ್ಯಾಹ್ನ ಅದರ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಮತ್ತೆ ಅದರ ಮೇಲೆ ಜಾವೆಲಿನ್, ಹ್ಯಾಮರ್ (ತಂತಿಯ ತುದಿಗೆ ಕಟ್ಟಿದ ಲೋಹದ ಗುಂಡು) ಎಸೆಯುವ ಹಾಗಿಲ್ಲ, ತೂತು ಬೀಳುತ್ತದೆ. ಅಲ್ಲಿಗೆ ಅಥ್ಲೆಟಿಕ್ಸ್‌ನ ಅರ್ಧ ಹೋಯಿತು.

ಎಂಟನೇ ಲೇನ್:

ಎಸೆತದ ಮಾತು ಬಂದದ್ದು ಒಳ್ಳೆಯದಾಯಿತು. ಕ್ರೀಡಾಂಗಣ ಎಷ್ಟು ದೊಡ್ಡದು ಅನ್ನುವುದು ಆಟವನ್ನೇ ಬದಲಾಯಿಸಿದ ಕಥೆ ಇದೆ. 1984ರಲ್ಲಿ ಪೂರ್ವ ಬರ್ಲಿನ್‌ನಲ್ಲಿ ಉವೆ ಹೋನ್ ಜಾವೆಲಿನ್ ಅನ್ನು 104.80 ಮೀಟರ್ ಎಸೆದರು. ಒಳಗಿನ ಮೈದಾನವೇ ಮುಗಿಯುತ್ತಾ ಬಂದಿತ್ತು. ಇನ್ನೂ ಸ್ವಲ್ಪ ದೂರ ಹೋದರೆ ಆಚೆ ತಿರುವಿನಲ್ಲಿ ಓಡುವವರ ಗತಿ ಏನು? ಕ್ರೀಡಾಂಗಣ ಹಿಗ್ಗಿಸಲು ಆಗುವುದಿಲ್ಲವಲ್ಲ, 1986ರಿಂದ ಪುರುಷರ ಜಾವೆಲಿನ್‌ನ ತೂಕದ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಂದರು. ಮೂತಿ ಬೇಗ ಕೆಳಗಾಗುತ್ತದೆ, ದೂರ ಕಮ್ಮಿಯಾಗುತ್ತದೆ.

ಫುಟ್‌ಬಾಲ್ ತರಬೇತಿ ಮತ್ತು ಎಸೆತದ ತರಬೇತಿ ಒಂದೇ ಹೊತ್ತಿಗೆ ಇಡಬೇಡಿ. ಎಸೆಯುವವರ ಸುತ್ತ ಬಲೆಯ ಪಂಜರ ಇದೆ ಅಂತ ಧೈರ್ಯ ಬೇಡ. 7.26 ಕೆಜಿ ಹ್ಯಾಮರ್ ಪಂಜರದ ಬಾಯಿಯಿಂದ ಹೊರಬಿದ್ದ ಮೇಲೆ ಹೋಗುವುದು ಅದೇ ಹುಲ್ಲಿಗೆ. ಸಾಧ್ಯವಾದರೆ ಎಸೆತಕ್ಕೆ ಹೊರಗೆ ಬೇರೆ ಜಾಗ ಕೊಡಿ, ಬರೀ ಮಣ್ಣಿನ ಬಯಲಾದರೂ ಸಾಕು. ಎತ್ತರ ಜಿಗಿತ, ಉದ್ದ ಜಿಗಿತಕ್ಕೆ ತೊಂದರೆ ಇಲ್ಲ. ಗೋಲಿನ ಹಿಂದಿನ ಅರ್ಧಚಂದ್ರದ ಜಾಗ ಮತ್ತು ನೇರದ ಹೊರಗಿನ ಪಟ್ಟಿ ಸಾಕಾಗುತ್ತದೆ.

ಕಬಡ್ಡಿ ಕೇಳಿದ್ದರಲ್ಲ, ಟ್ರ್ಯಾಕ್‌ನ ನಾಲ್ಕು ಹೊರ ಮೂಲೆಗಳಲ್ಲಿ ಜಾಗ ಉಳಿಯುತ್ತದೆ, ಯಾರೂ ಬಳಸುವುದಿಲ್ಲ. 13ಕ್ಕೆ 10 ಮೀಟರ್‌ನ ಕಬಡ್ಡಿ ಅಂಕಣ ಅಲ್ಲಿ ಚೆನ್ನಾಗಿ ಕೂರುತ್ತದೆ. ವಾಲಿಬಾಲ್‌ನ 18ಕ್ಕೆ 9ರ ಗೆರೆಗಳೂ ಹೇಗೋ ಕೂರುತ್ತವೆ, ಆದರೆ ಸುತ್ತ ಬೇಕಾದ 3 ಮೀಟರ್ ಖಾಲಿ ಸಿಗುವುದಿಲ್ಲ. ಚೆಂಡು ಹಿಡಿಯಲು ಓಡಿದವನು ಎಂಟನೇ ಲೇನ್‌ಗೆ ಬರುತ್ತಾನೆ. ವಾಲಿಬಾಲ್ ಅನ್ನು ಗ್ಯಾಲರಿಯ ಹಿಂದೆ ಇಡಿ.

ತೆರೆದ ಗೇಟ್:

ಎಲ್ಲರೂ ಆಡುವವರ ಬಗ್ಗೆ ಬರೆದಿದ್ದೀರಿ. ಜನ ಹೊರಗೆ ಹೋಗುವ ಬಗ್ಗೆ ಯಾರೂ ಇಲ್ಲ.

1985ರ ಮೇ 11, ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್. ಹಳೆಯ ಮರದ ಗ್ಯಾಲರಿ, ಅದರ ಅಡಿಯಲ್ಲಿ ವರ್ಷಗಟ್ಟಲೆ ಬಿದ್ದ ಕಸ. ಪಂದ್ಯ ನಡೆಯುವಾಗ ಬೆಂಕಿ ಹೊತ್ತಿತು, ಕೆಲವೇ ನಿಮಿಷದಲ್ಲಿ ಇಡೀ ಗ್ಯಾಲರಿ ಉರಿಯಿತು. 56 ಜನ ಸತ್ತರು. ಹಿಂದಿನ ಬಾಗಿಲ ಕಡೆ ಓಡಿದವರಿಗೆ ಮುಚ್ಚಿದ ಗೇಟ್ ಸಿಕ್ಕಿತು. ಮೈದಾನದ ಕಡೆ ಬೇಲಿ ಇರಲಿಲ್ಲ, ಆ ಕಡೆ ಇಳಿದವರು ಉಳಿದರು. 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಕಂಜುರುಹಾನ್‌ನಲ್ಲಿ ಪೊಲೀಸರು ಅಶ್ರುವಾಯು ಸಿಡಿಸಿದರು. ಗಾಬರಿಯಾಗಿ ಇಕ್ಕಟ್ಟಿನ ಗೇಟ್‌ಗಳ ಕಡೆ ನುಗ್ಗಿದ ಜನ ಸಿಕ್ಕಿಹಾಕಿಕೊಂಡು 135 ಜನ ಸತ್ತರು.

ಇದು ದೊಡ್ಡ ಪಂದ್ಯದ ವಿಷಯ, ನಮಗೆ ಯಾಕೆ ಅನ್ನಬೇಡಿ. ಸಣ್ಣ ಕ್ರೀಡಾಂಗಣದಲ್ಲೇ ಗ್ಯಾಲರಿ ಅಡಿಯ ಕೋಣೆ ಉಗ್ರಾಣ ಆಗಿರುತ್ತದೆ. ಹಳೆಯ ಮ್ಯಾಟ್, ಬ್ಯಾನರ್, ಮುರಿದ ಕುರ್ಚಿ, ಬಣ್ಣದ ಡಬ್ಬ ಎಲ್ಲ ಅಲ್ಲೇ. ಮಾಮೂಲಿ ದಿನ ಒಂದೇ ಗೇಟ್ ತೆರೆಯುತ್ತಾರೆ, ಜನ ತುಂಬಿದ ದಿನವೂ ಉಳಿದವುಗಳ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕಾಟ. ಬ್ರಿಟನ್‌ನ ಸುರಕ್ಷತಾ ಕೈಪಿಡಿಯಲ್ಲಿ ಮಾಮೂಲಿಯಾಗಿ ಪ್ರೇಕ್ಷಕರೆಲ್ಲ 8 ನಿಮಿಷದೊಳಗೆ ಹೊರಗೆ ಹೋಗುವಂತಿರಬೇಕು ಅಂತ ಇದೆ. ಬೆಂಕಿಯ ಅಪಾಯ ಇದ್ದರೆ ಇನ್ನೂ ಬೇಗ. ನಿಮ್ಮ ಕ್ರೀಡಾಂಗಣದಲ್ಲಿ ಒಮ್ಮೆ ಗಡಿಯಾರ ಹಿಡಿದು ನೋಡಿ. ಗೇಟ್ ಹೊರಕ್ಕೆ ತೆರೆಯಬೇಕು, ಒಳಗಿನಿಂದ ತಳ್ಳಿದರೆ ತೆರೆಯಬೇಕು, ಅದರ ಮುಂದೆ ಸ್ಕೂಟರ್ ನಿಲ್ಲಿಸಲು ಬಿಡಬಾರದು.

ಮೈದಾನದ ಅಂಚು:

ಗೇಟಿನ ಮಾತಿಗೆ ಧನ್ಯವಾದ, ನಾನು ನೋಡಿದ ಯಾವ ನಕ್ಷೆಯ ಚರ್ಚೆಯಲ್ಲೂ ಅದು ಬಂದಿಲ್ಲ.

ಹುಲ್ಲು ನೋಡುವವ ಹೇಳಿದ ಹಾಳೆಗೆ ವಾಪಸ್ ಬರುತ್ತೇನೆ. ಆಡದ ಆಟ ಬರೆದ ಮೇಲೆ ಆಡುವ ಆಟಗಳ ವಾರದ ವೇಳಾಪಟ್ಟಿ ಬೇಡವಾ? ನಕ್ಷೆಗೆ ಮೊದಲು ವೇಳಾಪಟ್ಟಿ. ಬೆಳಿಗ್ಗೆ ಎಷ್ಟು ಹೊತ್ತು ಓಟ, ಸಂಜೆ ಯಾವ ದಿನ ಫುಟ್‌ಬಾಲ್, ಎಸೆತ ಯಾವಾಗ, ಹುಲ್ಲಿಗೆ ವಿಶ್ರಾಂತಿ ಯಾವಾಗ. ಅದು ಒಂದು ವಾರದಲ್ಲಿ ಹಿಡಿಸದಿದ್ದರೆ ಕಾಂಕ್ರೀಟ್ ಹಾಕಿದ ಮೇಲೂ ಹಿಡಿಸುವುದಿಲ್ಲ ಅಲ್ವಾ.

ಬೆಳಗಿನ ಸ್ಪೈಕ್ಸ್:

ಅದನ್ನು ಗೇಟಿನ ಮೇಲೆ ಬೋರ್ಡ್ ಹಾಕಿ. ಅಧಿಕಾರಿ ಬದಲಾದ ಹಾಗೆ ಸಮಯ ಬದಲಾಗಬಾರದು.

ಗ್ಯಾಲರಿ ಮೇಲ್ಸಾಲು:

ಒಂದೇ ಆಟ ಆರಿಸಿಕೊಂಡು ಗೆದ್ದ ಸಣ್ಣ ನಗರವೂ ಇದೆ. ಅಮೆರಿಕದ ಯುಜೀನ್. ಅಲ್ಲಿನ ಹೇವರ್ಡ್ ಫೀಲ್ಡ್‌ನಲ್ಲಿ ಮೊದಲು ಅವರ ಫುಟ್‌ಬಾಲ್ ಕೂಡ ನಡೆಯುತ್ತಿತ್ತು. 1967ರಲ್ಲಿ ಫುಟ್‌ಬಾಲ್‌ಗೆ ಬೇರೆ ಕ್ರೀಡಾಂಗಣ ಆಯಿತು, ಇದು ಅಥ್ಲೆಟಿಕ್ಸ್‌ಗೆ ಉಳಿಯಿತು. 2022ರ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಅಲ್ಲೇ ನಡೆದದ್ದು. ನೀರಜ್ ಚೋಪ್ರಾ 88.13 ಮೀಟರ್ ಎಸೆದು ಬೆಳ್ಳಿ ಗೆದ್ದದ್ದು ಆ ಮೈದಾನದಲ್ಲೇ. ಅಲ್ಲಿ ವಿಶ್ವವಿದ್ಯಾಲಯದ ಬೆಂಬಲ ಇದೆ, ದಾನಿಗಳಿದ್ದಾರೆ, ಎಲ್ಲ ಊರಿಗೂ ಅದು ಸಿಗುವುದಿಲ್ಲ ಅನ್ನುವುದು ಬೇರೆ ಮಾತು.

ಬೌಂಡರಿ ರೋಪ್:

ಎಲ್ಲ ಓದಿದೆ. ಅಳತೆ ಒಪ್ಪಿದೆ, ತೀರ್ಮಾನ ಒಪ್ಪಿಲ್ಲ. ಕ್ರಿಕೆಟ್‌ಗೆ ಇಲ್ಲಿ ಜಾಗ ಇಲ್ಲ ಅನ್ನುವುದಾದರೆ ಇಲ್ಲಿ ಉಳಿಸಿದ ಸೀಟಿನ ದುಡ್ಡಲ್ಲಿ ಬೇರೆ ಕಡೆ ಒಂದು ಬಯಲು ಸಮತಟ್ಟು ಮಾಡಿಕೊಡಿ. ಗ್ಯಾಲರಿ ಬೇಡ, ಚಾವಣಿ ಬೇಡ. ಒಂದು ಪಿಚ್, ನೆಟ್ಸ್‌ಗೆ ಎರಡು ಪಟ್ಟಿ, ನೀರಿನ ನಲ್ಲಿ, ಒಂದು ರೋಲರ್. ನಡುವಿನಿಂದ ಸುತ್ತಲೂ 60 ಮೀಟರ್. ಇಷ್ಟನ್ನು ಅದೇ ಹಾಳೆಯಲ್ಲಿ ಬರೆದರೆ ಸಹಿ ಹಾಕುವವರಲ್ಲಿ ನಾನೂ ಒಬ್ಬ.

ಹುಲ್ಲು ನೋಡುವವ:

ರೋಲರ್‌ಗೆ ಶೆಡ್ಡೂ ಸೇರಿಸಿ ಬರೆಯಿರಿ. ಮಳೆಯಲ್ಲಿ ಬಿಟ್ಟರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.